ಸಂಕಷ್ಟಿಯ ಮರುದಿನ ಬರುತ್ತಿದ್ದ ನಾಯಿ

ಕಾಲೇಜು ಮುಗಿಸಿ ಕ್ಲಿನಿಕ್ ಹಾಕಲು ಹೊರಟ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಡೊಂಬಿವಲಿಯ ನನ್ನ ಮನೆಗೆ ಬರುತ್ತಾರೆ. ಯಾವ ಎಕ್ಸ್‌ರೇ ಯಂತ್ರ ಒಳ್ಳೆಯದು, ಜಾಗ ಸ್ಟೇಷನ್ ಹತ್ತಿರ ಹಿಡಿಯಬೇಕೋ ಒಳಗೆ ಹಿಡಿಯಬೇಕೋ ಎಂದೆಲ್ಲ ಕೇಳುತ್ತಾರೆ. ನಾಯಿಯನ್ನು ಎತ್ತಿಕೊಂಡು ಬಂದವರ ಹತ್ತಿರ ಮಾತಾಡುವುದು ಹೇಗೆ ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ನಮ್ಮ ಕೆಲಸದಲ್ಲಿ ಅರ್ಧ ಅದೇ ಇರುವುದು ಮಾರಾಯ್ರೆ. ರೋಗಿಗೆ ಮಾತು ಬಾರದು, ಮಾತು ಬರುವವರು ಪೂರ್ತಿ ಹೇಳುವುದಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ. ಯಾವುದು ಅವರಿಗೆ ಹೇಳಬೇಕಾದ ಸಂಗತಿ ಅನ್ನಿಸುವುದಿಲ್ಲವೋ ಅದನ್ನು ಬಿಟ್ಟುಬಿಡುತ್ತಾರೆ. ನಾಯಿ ಮತ್ತು ಚಾಕೊಲೇಟಿನ ವಿಷಯ ಹಿಡಿದುಕೊಂಡು ಇದನ್ನು ಬರೆಯುತ್ತೇನೆ, ಯಾಕೆಂದರೆ ನನ್ನ ಕಾಲದಲ್ಲೇ ಹುಟ್ಟಿ ನನ್ನ ಕಣ್ಣೆದುರೇ ಬೆಳೆದ ಕಾಯಿಲೆ ಅದು.

ನಾವು ಓದುವಾಗ ನಾಯಿ ಅಂದರೆ ಕೊನೆಯ ಪಾಠ. ಎಮ್ಮೆ, ದನ, ಕುರಿ, ಕೋಳಿ ಎಲ್ಲ ಮುಗಿದು ಪರೀಕ್ಷೆ ತಲೆಯ ಮೇಲೆ ಬಂದಾಗ ಮೇಷ್ಟ್ರು ಅವಸರವಸರವಾಗಿ ನಾಯಿಯನ್ನು ಮುಗಿಸುತ್ತಿದ್ದರು. ಚಾಕೊಲೇಟ್ ನಾಯಿಗೆ ವಿಷ ಎಂಬುದು ಪುಸ್ತಕದ ಮೂಲೆಯಲ್ಲೊಂದು ಸಾಲು. ಎರಡು ಸಾವಿರದ ಇಸವಿಯ ಆಚೀಚೆ ನಾನು ಠಾಣೆಯ ವಾಗ್ಳೆ ಎಸ್ಟೇಟ್‌ನಲ್ಲಿ ಗೋರೆ ಸರ್ ಅವರ ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿದೆ. ಅಲ್ಲಿ ಬರುತ್ತಿದ್ದವು ಫ್ಯಾಕ್ಟರಿ ಗೇಟಿನ ನಾಯಿಗಳು, ಚಾಳಿನ ವಠಾರದವರ ಕೋಳಿ, ಹಬ್ಬಕ್ಕೆ ಕೊಂಡ ಮೇಕೆ. ಒಮ್ಮೆ ಸುಮ್ಮನೆ ಕೇಳಿದೆ, ಸರ್, ಚಾಕೊಲೇಟ್ ತಿಂದ ನಾಯಿ ನೋಡಿದ್ದೀರಾ ಅಂತ. ಅವರು ನಕ್ಕುಬಿಟ್ಟರು. “ಅಗ ಬಾಯಿ, ಇಲ್ಲಿ ಮಕ್ಕಳಿಗೇ ಚಾಕೊಲೇಟ್ ಸಿಗೋದಿಲ್ಲ, ನಾಯಿಗೆ ಯಾರು ಕೊಡ್ತಾರೆ?” ಅವರು ಹೇಳಿದ್ದು ಮರಾಠಿಯಲ್ಲಿ, ನಾನು ಬರೆಯುತ್ತಿರುವುದು ನನ್ನ ಕನ್ನಡದಲ್ಲಿ.

ಗೋರೆ ಸರ್ ಮಹಾ ಸಿಡುಕ. ಆದರೆ ರೋಗ ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮುಟ್ಟುವ ಮೊದಲು ನಾಯಿಯ ಬಾಯಿ ಮೂಸುತ್ತಿದ್ದರು, ಮದ್ದು ಕೊಡುವ ಮೊದಲು ಯಜಮಾನನನ್ನು ಬೈಯುತ್ತಿದ್ದರು. ಯಾರಾದರೂ “ಏನೂ ತಿಂದಿಲ್ಲ ಸಾಹೇಬ್” ಅಂದರೆ ಮುಗಿಯಿತು. “ಏನೂ ತಿನ್ನದ ನಾಯಿ ವಾಂತಿ ಏನು ಮಾಡ್ತದೆ, ಗಾಳಿಯಾ?” ಎಂದು ಹಾರಿ ಬೀಳುತ್ತಿದ್ದರು. ಆ ಬೈಗುಳವನ್ನು ನಾನು ಅವರಿಂದ ಹಾಗೇ ಎತ್ತಿಕೊಂಡೆ. ನಿವೃತ್ತಿಯವರೆಗೂ ಬಳಸಿದ್ದೇನೆ, ಸಂಕೋಚವಿಲ್ಲ.

ನೋಡನೋಡುತ್ತಿದ್ದಂತೆ ಊರು ಬದಲಾಯಿತು. ದೀಪಾವಳಿಗೆ ಕಂಪನಿಗಳು ಕೊಡುತ್ತಿದ್ದ ಕಾಜು ಕತ್ಲಿಯ ಡಬ್ಬಿ ಹೋಗಿ ಚಾಕೊಲೇಟ್ ಡಬ್ಬಿ ಬಂತು. ಮನೆಮನೆಯಲ್ಲೂ ಕೇಕ್ ಕ್ಲಾಸ್ ಶುರುವಾಯಿತು. ಸಾನಪಾಡಾದಲ್ಲಿ ಗೋರೆ ಸರ್ ಅವರದೇ ಇನ್ನೊಂದು ಕ್ಲಿನಿಕ್ ಇತ್ತು, ವಾರಕ್ಕೊಮ್ಮೆ ನಾನು ಅಲ್ಲಿ ಕೂರುತ್ತಿದ್ದೆ. ಅಲ್ಲಿಗೊಂದು ಉದ್ದ ಬೆನ್ನಿನ, ಗಿಡ್ಡ ಕಾಲಿನ ನಾಯಿಯನ್ನು ತಂದರು. ಕೇಕಿಗೆಂದು ತಂದಿದ್ದ ಕೋಕೋ ಪುಡಿಯ ಡಬ್ಬಿಯನ್ನು ಉರುಳಿಸಿಕೊಂಡು ನೆಕ್ಕಿ ಖಾಲಿ ಮಾಡಿತ್ತು. ಮನೆಯವರು ಹೆದರಿ, ವಿಷ ಇಳಿಯಲೆಂದು ಹಾಲಿಗೆ ತುಪ್ಪ ಹಾಕಿ ಕುಡಿಸಿ, ಸಂಜೆಯವರೆಗೆ ಕಾದಿದ್ದರು. ನನ್ನ ಮೇಜಿನ ಮೇಲೆ ಮಲಗಿಸುವಾಗ ಅದು ತರತರ ನಡುಗುತ್ತಿತ್ತು, ಎದೆ ಬಡಿತ ಎಣಿಕೆಗೇ ಸಿಗುತ್ತಿರಲಿಲ್ಲ. ಉಳಿಸಿಕೊಳ್ಳಲು ಆಗಲಿಲ್ಲ. ಆ ಮನೆಯ ಯಜಮಾನಿ ಖಾಲಿ ಕೊರಳಪಟ್ಟಿ ಹಿಡಿದುಕೊಂಡು ಎಷ್ಟೋ ಹೊತ್ತು ಬೆಂಚಿನ ಮೇಲೆ ಕೂತಿದ್ದರು. ನನಗೆ ಅಳು ಬಂತು, ಒಳಗೆ ಹೋಗಿ ಅತ್ತೆ.

ಹೊಸಬರಿಗೆ ಇಷ್ಟು ಗೊತ್ತಿರಲಿ. ಕೋಕೋದಲ್ಲಿ ಥಿಯೋಬ್ರೊಮಿನ್ ಎಂಬ ವಸ್ತು ಇದೆ. ನಮ್ಮ ದೇಹ ಅದನ್ನು ಬೇಗ ಕರಗಿಸಿ ಹೊರಹಾಕುತ್ತದೆ, ನಾಯಿಯ ದೇಹಕ್ಕೆ ಅದು ನಿಧಾನ. ಅಲ್ಲಿಯವರೆಗೆ ಎದೆ ಓಡುತ್ತದೆ, ವಾಂತಿ, ಬಾಯಾರಿಕೆ, ಚಡಪಡಿಕೆ, ಆಮೇಲೆ ನಡುಕ, ಆಮೇಲೆ ಫಿಟ್ಸ್. ಹಾಲಿನ ಚಾಕೊಲೇಟಿನಲ್ಲಿ ಕಡಿಮೆ, ಕಪ್ಪು ಕಹಿ ಚಾಕೊಲೇಟಿನಲ್ಲಿ ಹೆಚ್ಚು, ಕೋಕೋ ಪುಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ನಾಯಿ ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಹಾಲು ತುಪ್ಪ ಕುಡಿಸಿದರೆ ವಿಷ ಇಳಿಯುವುದಿಲ್ಲ, ಕಾದ ಸಮಯವಷ್ಟೇ ಹೋಗುತ್ತದೆ. ನಾವು ಮೊದಲೆಲ್ಲ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಿದ್ದೆವು, ಅದೂ ತಪ್ಪೆಂದು ಆಮೇಲೆ ಬಿಟ್ಟೆವು. ತಿಂದ ಕೂಡಲೇ ಬಂದರೆ ಮದ್ದು ಕೊಟ್ಟು ವಾಂತಿ, ಆಮೇಲೆ ಇದ್ದಿಲ ಪುಡಿ, ಡ್ರಿಪ್. ಮತ್ತೆ ಮತ್ತೆ ಹೊರಗೆ ಕರೆದೊಯ್ದು ಉಚ್ಚೆ ಹೊಯ್ಯಿಸಬೇಕು, ಇಲ್ಲದಿದ್ದರೆ ಮೂತ್ರಕೋಶದಿಂದಲೇ ಆ ವಸ್ತು ಮತ್ತೆ ಮೈಗೆ ಸೇರುತ್ತದೆ.

ಹಾಗೆಂದು ಎಲ್ಲಕ್ಕೂ ಗಾಬರಿ ಬೀಳಬೇಡಿ. ನಾನು ಡೊಂಬಿವಲಿಯಲ್ಲಿ ಸ್ವಂತ ಕ್ಲಿನಿಕ್ ಹಾಕಿದ ಮೇಲೆ ಐರೋಲಿಯಿಂದ ಗಂಡ ಹೆಂಡತಿ ಒಂದು ಬೃಹತ್ ಲ್ಯಾಬ್ರಡಾರನ್ನು ಕಾರಿನಲ್ಲಿ ಹೇರಿಕೊಂಡು ಬಂದರು. ಇಬ್ಬರ ಕೈಯಲ್ಲೂ ಫೋನು, ಫೋನಿನಲ್ಲಿ ಅಮೆರಿಕದ ಯಾವುದೋ ಪುಟ. ಅದು ತಿಂದಿದ್ದದ್ದು ಎರಡು ಚಾಕೊಲೇಟ್ ಕ್ರೀಮ್ ಬಿಸ್ಕತ್ತು. ನಾಯಿ ನನ್ನ ಮೇಜಿನ ಮೇಲಿದ್ದ ಮೂರನೆಯದಕ್ಕೂ ಬಾಯಿ ಹಾಕಿತು, ಅದು ನನ್ನ ಚಹಾದ ಬಿಸ್ಕತ್ತು. “ಮನೆಗೆ ಹೋಗಿ ಮಲಗ್ರಯ್ಯ” ಎಂದು ಕಳಿಸಿದೆ.

ಇನ್ನು ಬಬ್ಲುವಿನ ಕಥೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಇದೇ.

ಬಬ್ಲು ಬಿಳಿಯ ಪೊಮೆರೇನಿಯನ್, ಒಂದು ತಲೆದಿಂಬಿನಷ್ಟು ನಾಯಿ. ನಮ್ಮ ಕಡೆಯವರೇ ಆದ ಸುಧಾಕರ ಶೆಟ್ಟರ ಮನೆಯದು. ಶೆಟ್ಟರಿಗೆ ಐರೋಲಿಯಲ್ಲಿ ಊಟದ ಹೋಟೆಲು, ಮನೆ ಡೊಂಬಿವಲಿಯ ಒಂದು ಸೊಸೈಟಿಯಲ್ಲಿ, ಅಂದರೆ ಹತ್ತಾರು ಫ್ಲಾಟುಗಳ ಕಟ್ಟಡದಲ್ಲಿ. ಹೆಂಡತಿ ವಿದ್ಯಾ ಮುಲುಂಡಿನಲ್ಲೇ ಹುಟ್ಟಿ ಬೆಳೆದವಳು, ಅವಳ ಮಾತಿನಲ್ಲಿ ಕನ್ನಡ ಅರ್ಧ, ಉಳಿದದ್ದು ಹಿಂದಿ ಮರಾಠಿ. ಬ್ಯಾಂಕಿನ ಕೆಲಸ ಬಿಟ್ಟು ಮನೆಯಲ್ಲೇ ಚಾಕೊಲೇಟ್ ಮಾಡಿ ಮಾರಲು ಆಗಷ್ಟೇ ಶುರುಮಾಡಿದ್ದಳು. ಅವಳು ಮೊದಲ ಸಲ ಬಬ್ಲುವನ್ನು ತಂದದ್ದು ಒಂದು ಬೆಳಿಗ್ಗೆ, ಶಟರ್ ಎತ್ತುವಾಗಲೇ ಬಾಗಿಲಲ್ಲಿ ನಿಂತಿದ್ದಳು.

“ಡಾಕ್ಟರ್, ರಾತ್ರಿಯಿಂದ ಉಲ್ಟಿ ಮಾಡ್ತಿದ್ದಾನೆ. ನೀರು ಕುಡೀತಾನೆ, ಮತ್ತೆ ಉಲ್ಟಿ.”

“ಏನು ತಿಂದಿದ್ದ?”

“ಕುಛ್ ನಹೀ. ನಿನ್ನೆ ಸಂಕಷ್ಟಿ ಅಲ್ವಾ, ಮನೇಲಿ ಎಲ್ಲ ವೆಜ್. ಮೊಸರನ್ನ ಮಾತ್ರ ಹಾಕಿದ್ದು.”

“ಚಾಕೊಲೇಟ್ ಮಾಡ್ತೀಯಲ್ಲ, ಅದನ್ನೇನಾದ್ರೂ ಮೂಸಿದ್ನಾ?”

ಅವಳಿಗೆ ಸ್ವಲ್ಪ ಸಿಟ್ಟೇ ಬಂತು. “ನನಗೆ ಗೊತ್ತುಂಟು ಡಾಕ್ಟರ್, ನಾಯಿಗೆ ಅದು ಝೆಹರ್ ಅಂತ. ಎಲ್ಲ ಮೇಲಿನ ಕಪಾಟಲ್ಲಿ ಇರ್ತದೆ, ಚಾವಿ ನನ್ನ ಹತ್ರ. ಚಾಕೊಲೇಟ್ ಮಾಡುವಾಗ ಅವನನ್ನು ಮನೆಯೊಳಗೇ ಬಿಡೋದಿಲ್ಲ.”

ವಾಂತಿ ಎಲ್ಲಿ ಅಂದೆ. ಫಿನೈಲ್ ಹಾಕಿ ಒರೆಸಿದ್ದಳು. ಇನ್ನೊಮ್ಮೆ ಹೀಗಾದರೆ ಒರೆಸಬೇಡ, ಡಬ್ಬಿಯಲ್ಲಿ ತುಂಬಿ ತಾ ಎಂದು ಹೇಳಿ ಮದ್ದು ಕೊಟ್ಟು ಕಳಿಸಿದೆ. ಎರಡು ದಿನದಲ್ಲಿ ಗುಣವಾಯಿತು. ಮರುತಿಂಗಳು ಮತ್ತೆ ವಾಂತಿ ಹಿಡಿದಾಗ ನಾನು ಊರಿಗೆ ಹೋಗಿದ್ದೆ, ಅವರು ಕಲ್ಯಾಣದ ಇನ್ಯಾರೋ ಡಾಕ್ಟರ ಹತ್ತಿರ ಹೋದರು. ಈ ಸಲ ನಡುಕವೂ ಇತ್ತು. ಅಲ್ಲಿಯವರು ನೋಡಿ, ಯಾರೋ ವಿಷ ಹಾಕಿರಬೇಕು ಅಂದರು.

ಆ ಮಾತು ಸೊಸೈಟಿಯಲ್ಲಿ ಬೆಂಕಿಯ ಹಾಗೆ ಹಬ್ಬಿತು. ವಿಷ ಅಂದಕೂಡಲೇ ಎಲ್ಲರ ಬೆರಳೂ ತಿರುಗಿದ್ದು ವಾಚ್‌ಮನ್ ಮಲ್ಲಪ್ಪನ ಕಡೆ. ಮಲ್ಲಪ್ಪ ವಿಜಯಪುರದ ಕಡೆಯವನು, ಕಟ್ಟಡ ಕಟ್ಟುವಾಗ ಗಾರೆ ಹೊರಲು ಬಂದವನು ಕಟ್ಟಡ ಮುಗಿದ ಮೇಲೆ ಅಲ್ಲೇ ವಾಚ್‌ಮನ್ ಆಗಿದ್ದ. ಪಂಪ್ ಮನೆಯ ಪಕ್ಕದ ಕೋಣೆಯಲ್ಲಿ ಅವನೂ ಹೆಂಡತಿ ಶಾಂತವ್ವನೂ ಇದ್ದರು. ಅವಳು ಅದೇ ಕಟ್ಟಡದ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಂಪ್ ಮನೆಗೆ ಇಲಿ ಪಾಷಾಣ ಹಾಕುವ ಕೆಲಸ ಮಲ್ಲಪ್ಪನದೇ. ಬಬ್ಲು ಒಮ್ಮೆ ಅವನ ಪ್ಯಾಂಟು ಹರಿದಿತ್ತು, ಆ ಸಿಟ್ಟಿನಲ್ಲಿ ಅವನು “ನಿನಗೊಂದ ಗತಿ ಕಾಣಸ್ತೀನಿ” ಅಂದದ್ದನ್ನು ನಾಲ್ಕು ಜನ ಕೇಳಿದ್ದರು. ಇನ್ನೇನು ಬೇಕು ಜನಕ್ಕೆ?

ಮೂರನೆಯ ತಿಂಗಳು ಶೆಟ್ಟರೇ ಬಬ್ಲುವನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿಬಂದರು. ಹಿಂದೆ ವಿದ್ಯಾ, ಕೈಯಲ್ಲಿ ಐಸ್‌ಕ್ರೀಮಿನ ಹಳೇ ಡಬ್ಬಿ. ಪುಣ್ಯಾತ್ಗಿತ್ತಿ, ಹೇಳಿದ್ದು ನೆನಪಿಟ್ಟುಕೊಂಡಿದ್ದಳು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿದೆ. ಮೈಯೆಲ್ಲ ನಡುಕ, ಕಣ್ಣಿನ ಪಾಪೆ ಅಗಲ, ಎದೆ ಬಡಿತ ಸಾನಪಾಡಾದ ಆ ನಾಯಿಯದರ ಹಾಗೇ. ಕೀಟನಾಶಕದ ವಿಷವಾದರೆ ಪಾಪೆ ಸಾಸಿವೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ. ಇಲಿ ಪಾಷಾಣವಾದರೆ ಬಾಯಿ ಬೆಳ್ಳುಳ್ಳಿಯ ಹಾಗೆ ನಾರುತ್ತದೆ. ಇಲ್ಲಿ ಎರಡೂ ಇಲ್ಲ. ಇದು ಮಲ್ಲಪ್ಪನ ಡಬ್ಬಿಯಿಂದ ಬಂದದ್ದಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ನಡುಕ ನಿಲ್ಲಿಸುವ ಇಂಜೆಕ್ಷನ್ ಕೊಟ್ಟು, ಎದೆ ಬಡಿತಕ್ಕೆ ಮದ್ದು ಕೊಟ್ಟು, ಡ್ರಿಪ್ ಹಚ್ಚಿದ ಮೇಲೆ ಆ ಡಬ್ಬಿ ತೆರೆದೆ.

ಮೂಸಿದರೆ ಕೋಕೋ. ನಾಯಿಯ ಹೊಟ್ಟೆಯ ಹುಳಿವಾಸನೆಯನ್ನೂ ಮೀರಿ ಹೊಡೆಯುತ್ತಿತ್ತು. ಮೇಲೆ ಇಡೀ ಬಾದಾಮಿಗಳು ಬೇರೆ, ಒಂದು ಹಿಡಿಯಷ್ಟು.

ವಿದ್ಯಾ ಡಬ್ಬಿಯೊಳಗೆ ಬಗ್ಗಿ ನೋಡಿದಳು. “ಇದು ನನ್ನ ಮೋದಕ.”

ಅವರ ಗೇಟಿನ ಬಳಿ ಒಂದು ಪುಟ್ಟ ಗಣಪತಿ ಗುಡಿ. ತಿಂಗಳ ಸಂಕಷ್ಟಿಗೆ ಸಂಜೆ ಅಲ್ಲಿ ಆರತಿ, ಆರತಿಯಾದ ಮೇಲೆ ಪ್ರಸಾದ. ಚಾಕೊಲೇಟ್ ಕಲಿತ ಮೇಲೆ ಪ್ರಸಾದದ ಜವಾಬ್ದಾರಿಯನ್ನು ವಿದ್ಯಾ ವಹಿಸಿಕೊಂಡಿದ್ದಳು. ಅಗ್ಗದ ಸಿಹಿ ಚಾಕೊಲೇಟಲ್ಲ, ದೇವರಿಗೆಂದು ಒಳ್ಳೆಯ ಕಪ್ಪು ಚಾಕೊಲೇಟ್ ತರಿಸಿ, ಮೇಲಿಂದ ಕೋಕೋ ಪುಡಿ ಸೇರಿಸಿ, ಅಚ್ಚಿನಲ್ಲಿ ಒತ್ತಿ, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಬಾದಾಮಿ ಇಟ್ಟು ಮೋದಕ ಮಾಡುತ್ತಿದ್ದಳು. “ತಲೆಗೊಂದು ಲೆಕ್ಕ ಹಾಕಿ ಮಾಡ್ತೇನೆ ಡಾಕ್ಟರ್. ಗುಡಿಯಲ್ಲೇ ಹಂಚಿ ಮುಗೀತದೆ. ಮನೆಗೆ ಒಂದೂ ವಾಪಸ್ ಬರೋದಿಲ್ಲ. ಇಷ್ಟು ಬಾದಾಮ್ ಅಂದ್ರೆ ಎಷ್ಟು ಮೋದಕ! ಇವನಿಗೆ ಎಲ್ಲಿಂದ ಸಿಕ್ತು?”

ಶೆಟ್ಟರು ಮೇಜು ಗುದ್ದಿದರು. “ಎಲ್ಲಿಂದ ಅಂತ ಕೇಳ್ತೀಯಲ್ಲ! ಆ ಮಲ್ಲಪ್ಪನೇ ಕದ್ದು ತಿನ್ನಿಸಿದ್ದು. ಚಾಕೊಲೇಟ್ ನಾಯಿಗೆ ವಿಷ ಅಂತ ನೀನೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಿ. ಡಾಕ್ಟ್ರೇ, ಭಾನುವಾರ ಸೊಸೈಟಿ ಮೀಟಿಂಗ್ ಉಂಟು, ಅವನನ್ನು ತೆಗೆಯುವುದು ಅಂತ ಆಗಿದೆ. ನೀವು ಬಂದು ಒಂದು ಮಾತು ಹೇಳಿ, ವಿಷದಿಂದಲೇ ಹೀಗಾದದ್ದು ಅಂತ. ನೀವು ನಮ್ಮ ಊರಿನವರೇ ಅಲ್ವಾ.”

ಬರುತ್ತೇನೆ ಅಂದೆ. ಏನು ಹೇಳುತ್ತೇನೆ ಅಂತ ಹೇಳಲಿಲ್ಲ.

ಶನಿವಾರ ಬಬ್ಲುವಿನ ಎದೆ ಬಡಿತ ನೋಡಲು ಅವರ ಮನೆಗೇ ಹೋದೆ. ಗೇಟಿನಲ್ಲಿ ಮಲ್ಲಪ್ಪ ಎದ್ದು ನಿಂತ. ನಾನು ಕನ್ನಡದವಳೆಂದು ಅವನಿಗೆ ಯಾರೋ ಹೇಳಿದ್ದರು.

“ಬಾಯಾರ, ನಾಯಿ ಹೆಂಗೈತ್ರಿ?”

“ಬದುಕ್ತದೆ.”

“ಬದಕ್ಲಿ ಪಾಪ. ಬಾಯಾರ, ನಾ ಒಂದ ತುತ್ತೂ ಹಾಕಿಲ್ರೀ. ಸಿಟ್ಟಿನ್ಯಾಗ ಏನೋ ಒಂದ ಅಂದೀನಿ, ಖರೆ. ಅಂದಿದ್ದಕ್ಕ ಹಾಕೀನಂತ ಆಗ್ತದೇನ್ರಿ? ನಾಳೆ ನನ್ನ ತೆಗೀತಾರಂತ. ಇರೂ ಖೋಲಿನೂ ಹೋತು, ಆಕಿ ಕೆಲಸಾನೂ ಹೋತು. ಅದೂ ಹೋಗ್ಲಿ. ವಿಷಾ ಹಾಕಾಂವ ಅಂತ ಹೆಸರು ಬಂದ ಮ್ಯಾಲೆ ಈ ಊರಾಗ ಯಾವ ಗೇಟಿನ್ಯಾಗ ನಿಲ್ಲಸ್ತಾರ್ರಿ ನನ್ನ?”

ಅದನ್ನೇ ಯೋಚಿಸುತ್ತ ಮೇಲೆ ಹತ್ತಿದೆ. ಅವನು ಹಾಕಿಲ್ಲವಾದರೆ ಯಾರು ಹಾಕಿದ್ದು?

ಉತ್ತರ ಸಿಕ್ಕಿದ್ದು ಮೆಟ್ಟಿಲಿನ ಮೇಲೆ. ಬಬ್ಲುವನ್ನು ಆಗಾಗ ಕೆಳಗಿಳಿಸಿ ಉಚ್ಚೆ ಹೊಯ್ಯಿಸಬೇಕು ಎಂದು ನಾನೇ ಹೇಳಿದ್ದೆನಲ್ಲ, ವಿದ್ಯಾ ಅವನನ್ನು ಇಳಿಸಿಕೊಂಡು ಹೊರಟಳು, ನಾನೂ ಜೊತೆಗೆ ಇಳಿದೆ. ಒಂದು ಮಹಡಿ ಇಳಿಯುವಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ಒಬ್ಬ ಅಜ್ಜಿ ಬಗ್ಗಿ, “ಬಬ್ಲು ಬಾಳಾ, ಘೇ” ಎಂದು ಒಂದು ತುಂಡು ಪೇಡಾ ಬಾಯಿಗಿಟ್ಟರು. ಮುಂದಿನ ಮಹಡಿಯಲ್ಲಿ ಇನ್ನೊಬ್ಬರು ಬುಂದಿ ಲಾಡಿನ ಚೂರು. ಬಬ್ಲುವಿಗೂ ಅಭ್ಯಾಸ, ಯಾವ ಬಾಗಿಲ ಮುಂದೆ ನಿಲ್ಲಬೇಕೆಂದು ಗೊತ್ತು. ನಾನು ರೇಗಿದೆ.

“ಏನೂ ಕೊಡಬೇಡಿ ಅಂತ ಹೇಳಿದ್ದೆನಲ್ಲ! ಇದೇನಿದು?”

ವಿದ್ಯಾ ನನ್ನನ್ನು ವಿಚಿತ್ರವಾಗಿ ನೋಡಿದಳು. “ಏನೂ ಕೊಟ್ಟಿಲ್ಲ ಡಾಕ್ಟರ್. ಅದು ಶಿರ್ಡಿಗೆ ಹೋಗಿ ಬಂದವರ ಪ್ರಸಾದ.”

ನಾನು ಅಲ್ಲೇ ಮೆಟ್ಟಿಲ ಕಂಬಿ ಹಿಡಿದು ನಿಂತೆ. ಪ್ರಸಾದ! ಅದು ಅವಳ ಲೆಕ್ಕದಲ್ಲಿ ತಿಂಡಿಯೇ ಅಲ್ಲ. ಅವಳ ಲೆಕ್ಕ ಬಿಡಿ, ನನ್ನ ಲೆಕ್ಕದಲ್ಲೂ ಇರಲಿಲ್ಲ. ದೇವಸ್ಥಾನದಿಂದ ಬಂದು ಬೆಳಿಗ್ಗೆ ಏನು ತಿಂದಿರಿ ಅಂದರೆ ತೀರ್ಥ ಪ್ರಸಾದವನ್ನು ಯಾರು ಹೇಳುತ್ತಾರೆ? ಮೇಲಾಗಿ ದತ್ತಾತ್ರೇಯನ ಪಟದಲ್ಲಿ ಕಾಲ ಬಳಿ ನಾಯಿಗಳಿರುವುದನ್ನು ಆ ಕಟ್ಟಡದಲ್ಲಿ ಮನೆಮನೆಯ ಗೋಡೆಯ ಮೇಲೂ ನೋಡಬಹುದಿತ್ತು. ನಾಯಿಗೆ ಪ್ರಸಾದ ಕೊಟ್ಟರೆ ಪುಣ್ಯ. ಪ್ರಸಾದದಿಂದ ಕೆಡುಕಾಗುತ್ತದೆಂದು ಯೋಚಿಸುವುದೇ ಪಾಪ. ನಾನು ವಿದ್ಯಾಳಿಗೆ ಆಗ ಏನೂ ಹೇಳಲಿಲ್ಲ. ಹೇಳಿದ್ದರೆ ಭಾನುವಾರದೊಳಗೆ ಎಲ್ಲರೂ ಒಂದೊಂದು ಉತ್ತರ ತಯಾರಿಸಿಟ್ಟುಕೊಳ್ಳುತ್ತಿದ್ದರು.

ಮೀಟಿಂಗ್ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಸೆಕ್ರೆಟರಿ ದೇಶಪಾಂಡೆ ಅನ್ನುವವರು, ನಿವೃತ್ತ ಅಧಿಕಾರಿ, ಎಲ್ಲದಕ್ಕೂ ‘ಪಾಯಿಂಟ್ ನಂಬರ್ ಒನ್’ ಅನ್ನುವ ಮನುಷ್ಯ. ಮಲ್ಲಪ್ಪ ಕಂಬಕ್ಕೆ ಒರಗದೆ ನೆಟ್ಟಗೆ ನಿಂತಿದ್ದ. ದೇಶಪಾಂಡೆ ನನ್ನನ್ನು ಪರಿಚಯಿಸಿ, ಡಾಕ್ಟರ್ ಮೇಡಮ್, ನಾಯಿಗೆ ವಿಷವಾದದ್ದು ಹೌದೋ ಅಲ್ಲವೋ ಹೇಳಿ ಅಂದರು.

“ಹೌದು” ಅಂದೆ. ಶೆಟ್ಟರು ಮಲ್ಲಪ್ಪನ ಕಡೆ ತಿರುಗಿ ನೋಡಿದರು. “ಹೇಳುವ ಮೊದಲು ನನ್ನದೊಂದು ಪ್ರಶ್ನೆ. ಈ ಸಂಕಷ್ಟಿಗೆ ವಿದ್ಯಾ ಕೊಟ್ಟ ಮೋದಕ ಯಾರ್ಯಾರು ತಿಂದಿರಿ? ಕೈ ಎತ್ತಿ.”

ಕುರ್ಚಿಗಳಿಂದ ಒಂದು ಕೈಯೂ ಏಳಲಿಲ್ಲ.

“ತಿನ್ನದೆ ಏನು ಮಾಡಿದಿರಿ?”

ಮೊದಲು ಬಾಯಿಬಿಟ್ಟದ್ದು ಪೇಡಾ ಅಜ್ಜಿ. ಉಪವಾಸ, ಚಂದ್ರ ಕಾಣುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ, ಕೈಯಲ್ಲಿ ಕರಗತೊಡಗಿತು, ಮೆಟ್ಟಿಲ ಬುಡದಲ್ಲಿ ಬಬ್ಲು ಬಾಲ ಆಡಿಸುತ್ತಾ ಕೂತಿದ್ದ. ಇನ್ನೊಬ್ಬರಿಗೆ ಶುಗರು. ಮತ್ತೊಬ್ಬರು ತಲೆ ತಗ್ಗಿಸಿ, ಸ್ವಲ್ಪ ಕಹಿ ಅನ್ನಿಸಿತು, ಪ್ರಸಾದವನ್ನು ಕಸದ ಡಬ್ಬಿಗೆ ಹಾಕಲಾಗುತ್ತದೆಯೇ ಅಂದರು. ಮೊದಲ ತಿಂಗಳು ತಿಂದಿದ್ದೆವು, ಆಮೇಲೆ ಬಬ್ಲುವಿಗೇ ಕೊಟ್ಟೆವು ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಕಾಯಿಲೆ ತಿಂಗಳಿಂದ ತಿಂಗಳಿಗೆ ಜೋರಾದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಚಾಕೊಲೇಟ್ ವಿಷ ಅಂತ ವಿದ್ಯಾ ಹೇಳಿರಲಿಲ್ಲವೇ ಎಂದು ಕೇಳಿದೆ. ಹೇಳಿದ್ದಳು, ಆದರೆ ಇದು ಪ್ರಸಾದವಲ್ಲವೇ ಎಂದು ಅಜ್ಜಿ ನನ್ನನ್ನೇ ತಿರುಗಿ ಕೇಳಿದರು. “ದೇಶಪಾಂಡೆ ಸಾಹೇಬ್ರೆ, ನೀವು?” ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. “ಅರ್ಧ” ಅಂದರು. “ಅರ್ಧ ಮಾತ್ರ ಕೊಟ್ಟೆ.”

ಒಬ್ಬೊಬ್ಬರ ಒಂದು ಮೋದಕದಿಂದ ಬಬ್ಲುವಿಗೆ ಹೆಚ್ಚೇನೂ ಆಗುತ್ತಿರಲಿಲ್ಲ. ಇಡೀ ಕಟ್ಟಡ ಸೇರಿ ಕೊಟ್ಟದ್ದು ವಿಷವಾಯಿತು. ಅದನ್ನೇ ಬಿಡಿಸಿ ಹೇಳಿದೆ. ಹೇಳುತ್ತಾ ವಿದ್ಯಾಳ ಮುಖ ನೋಡಿ ನನ್ನ ಮಾತು ತಡವರಿಸಿತು. ಮೂರು ತಿಂಗಳಿಂದ ಎಲ್ಲರೂ ಅವಳೆದುರು ‘ಮಸ್ತ್ ಆಗಿತ್ತು’ ಅನ್ನುತ್ತಿದ್ದರು. ಅವಳು ಮೆಲ್ಲಗೆ, “ಒಬ್ರಾದ್ರೂ ಹೇಳಬಹುದಿತ್ತಲ್ಲ” ಅಂದಳು.

“ನಾವು ತಿಂದೀವ್ರಿ” ಎಂದು ಕಂಬದ ಬಳಿಯಿಂದ ಮಾತು ಬಂತು. ಮಲ್ಲಪ್ಪ. “ನನಗ ಕೊಟ್ಟಿದ್ದ ನಾ ಮನಿಗೆ ಒಯ್ತಿದ್ದೆ. ಆಕಿಗೆ ಭಾಳ ಸೇರ್ತಿತ್ತು. ನಾಯಿಗೆ ಯಾಕ ಹಾಕ್ಲಿ?”

ಕಟ್ಟಡಕ್ಕೆ ಕಟ್ಟಡವೇ ಕೊಟ್ಟಿತ್ತು, ಕೊಡದವನು ಅವನೊಬ್ಬನೇ. ದೇಶಪಾಂಡೆ ಕೆಮ್ಮಿ, ಸರಿ, ವಿಷಯ ಸ್ಪಷ್ಟವಾಯಿತು, ಮಲ್ಲಪ್ಪ ಮುಂದುವರಿಯಲಿ, ಪಾಯಿಂಟ್ ನಂಬರ್ ಟೂ, ಟೆರೇಸ್ ಸೋರುವುದು ಅಂದರು. ನನಗೆ ರಕ್ತ ಕುದಿಯಿತು. ಒಬ್ಬ ಮನುಷ್ಯನ ತಲೆಯ ಮೇಲೆ ಕತ್ತಿ ತೂಗುಹಾಕಿ, ಅದನ್ನು ತೆಗೆಯಲೂ ಪುರುಸೊತ್ತಿಲ್ಲದವರ ಹಾಗೆ! ಬಾಯಿ ತೆರೆಯುವಷ್ಟರಲ್ಲಿ ಮಲ್ಲಪ್ಪನೇ ಎರಡು ಹೆಜ್ಜೆ ಮುಂದೆ ಬಂದ.

“ಬಾಯಾರ, ಇವರಿಗೆ ಹಿಂದ್ಯಾಗ ತಿಳಿಸಿ ಹೇಳ್ರಿ. ಕೆಲಸ ಕೊಟ್ರ ಸಾಲಂಗಿಲ್ಲ. ಎಲ್ಲಾರೂ ಬಂದು ನನ್ನ ಹೆಂಡ್ತಿ ಮುಂದ ಹೇಳ್ರಿ, ಇಂವ ಹಾಕಿಲ್ಲ ಅಂತ. ಆಕಿ ದ್ಯಾವರ ಮುಂದ ನಿಂದರ್ಸಿ ಕೇಳ್ಯಾಳ್ರಿ, ಖರೇನ ಹಾಕಿದ್ಯೇನು ಅಂತ. ಇಲ್ಲಂದೆ. ಅವತ್ತಿಂದ ನನ್ನ ಕೂಡ ಮಾತ ಬಿಟ್ಟಾಳ.”

ನಾನು ಹಿಂದಿಯಲ್ಲಿ ಹೇಳಿದೆ. ಹೇಳಿ, ಏಳಿ ಎಲ್ಲರೂ ಅಂತ ಗದರಿದೆ. ಮೊದಲು ಎದ್ದದ್ದು ವಿದ್ಯಾ, ಅವಳ ಹಿಂದೆ ಶೆಟ್ಟರು. ಆಮೇಲೆ ಕುರ್ಚಿಗಳು ಒಂದೊಂದಾಗಿ ಸರಿದವು.

ಶಾಂತವ್ವ ಕೋಣೆಯ ಮುಂದೆ ಯಾರದೋ ಮನೆಯ ಕುಕ್ಕರ್ ತಿಕ್ಕುತ್ತಿದ್ದಳು. ಇಷ್ಟು ಜನ ಒಟ್ಟಿಗೆ ಬಂದದ್ದು ಕಂಡು ಗಾಬರಿಯಾಗಿ ಎದ್ದಳು. ಹೊರಗೆ ಹಾಕಲು ಬಂದರೆಂದೇ ತಿಳಿದಿರಬೇಕು. ಶೆಟ್ಟರು ಮುಂದೆ ಹೋಗಿ ಕೈ ಮುಗಿದರು. “ನಿಮ್ಮ ಯಜಮಾನರದ್ದು ತಪ್ಪಿಲ್ಲ ಅಮ್ಮ. ನಾಯಿಗೆ ಹಾಕಿದ್ದು ನಾವೆಲ್ಲ. ಅವರೊಬ್ಬರೇ ಹಾಕಲಿಲ್ಲ.” ದೇಶಪಾಂಡೆಯವರೂ ಏನೋ ಹೇಳಿದರು, ಅಜ್ಜಿ ಅವಳ ಗಲ್ಲ ಮುಟ್ಟಿದರು.

ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸುತ್ತಾ ಗಂಡನನ್ನೇ ನೋಡಿದಳು.

“ನಾ ಕೇಳಬಾರದಿತ್ತು” ಅಂದಳು.

“ಕೇಳಿದ್ದಕ್ಕ ನನಗ ಬ್ಯಾಸರಿಲ್ಲ” ಅಂದ ಮಲ್ಲಪ್ಪ. “ನಾ ಇಲ್ಲಂದಾಗ ನಂಬಲಿಲ್ಲಲ್ಲ ನೀ.”